ಎಲುಬಿನ ಕೈಗಾರಿಕೆ: ಶುದ್ಧಿಮಾಡುವ ಮತ್ತು ರೂಪಿಸುವ ಕ್ರಮ

ಎಮ್ಮೆ ಕೋಣಗಳ ಎಲುಬಿನಿಂದ ಗುಂಡಿ, ಬಾಚಣಿಗೆ, ಮಣಿ, ಚಾಕುವಿನ ಹಿಡಿ ಮುಂತಾದುವನ್ನು ಮಾಡುವ ಕಸುಬು ಉತ್ತರ ಪ್ರದೇಶದ ಸಂಭಲ್ ಜಿಲ್ಲೆಯ ಸರಾಯ್ ತರೀನಿನಲ್ಲಿ ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರವು ನಿಷಿದ್ಧವಾದ ಮೇಲೆ, ದಂತದ ಕೆತ್ತನೆಗಾರರಲ್ಲಿಯೂ ಹಲವರು ಎಲುಬನ್ನು ಹಿಡಿದರು. ಈ ಕೆಲಸಕ್ಕೆ ಹೆಚ್ಚು ಬಂಡವಾಳ ಬೇಡ. ಆದರೆ ಅವಸರವು ಸಲ್ಲದು.

ಆಯ್ಕೆ.— ಎಲುಬು ಯಾವ ಪ್ರಾಣಿಯದು, ಅದು ಹೇಗೆ ಸತ್ತಿತು ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಇದ್ದಕ್ಕಿದ್ದಂತೆ ಬಿದ್ದು ಸತ್ತು, ಮೂಗು, ಬಾಯಿ, ಗುದಗಳಿಂದ ಕಪ್ಪು ರಕ್ತ ಸುರಿಸಿದ ಪಶುವಿಗೆ ನೆರಡಿ ರೋಗವಿದ್ದಿತೆಂದು ಶಂಕಿಸಬೇಕು. ಅಂತಹ ಹೆಣವನ್ನು ಸುಲಿಯಲೂ ಕೊಯ್ಯಲೂ ಕೂಡದು. ಕೂಡಲೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಈ ರೋಗದ ಬೀಜಾಣುಗಳು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿದ್ದು ಮನುಷ್ಯನ ಪ್ರಾಣಕ್ಕೂ ಎರವಾಗುತ್ತವೆ. ಮನೆಯ ಒಲೆಯ ಕುದಿತವನ್ನು ನಂಬಿ ಅಂತಹ ಎಲುಬನ್ನು ಬಳಸುವುದು ಅಪಾಯಕರ. ಹೊಲದಲ್ಲಿ ಬಿದ್ದಿರುವ, ಮೂಲವರಿಯದ ಎಲುಬನ್ನೂ ಬಿಡುವುದು ಲೇಸು. ಆರೋಗ್ಯವಾಗಿದ್ದ ಎಮ್ಮೆಯ ಕಾಲಿನ ನೇರವಾದ, ದಪ್ಪಗೋಡೆಯ ಎಲುಬು ಶ್ರೇಷ್ಠವಾದುದು.

ಶುದ್ಧಿ.— ಎಲುಬಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಸುಣ್ಣ ರಂಜಕಗಳಿಂದಾದ ಗಟ್ಟಿ ಪದಾರ್ಥ. ಉಳಿದುದರಲ್ಲಿ ಮುಖ್ಯವಾದುದು ಅಂಟಿನಂತಹ ನಾರು. ಬಿರುಸಾಗಿ ಬಹು ಹೊತ್ತು ಕುದಿಸಿದರೆ ಈ ಅಂಟು ಕರಗಿಹೋಗಿ ಎಲುಬು ಸುಣ್ಣದ ಕಡ್ಡಿಯಂತೆ ಪುಡಿಯಾಗುತ್ತದೆ. ಜಿಡ್ಡನ್ನು ತೆಗೆಯಬೇಕು, ಅಂಟನ್ನು ಉಳಿಸಬೇಕು. ಈ ಕಸುಬಿನ ಮರ್ಮವೆಲ್ಲ ಇಷ್ಟೆ.

ಮೊದಲು ಮಾಂಸವನ್ನು ಕೆರೆದು, ಎರಡು ತುದಿಗಳನ್ನು ಗರಗಸದಿಂದ ಕೊಯ್ದು, ಒಳಗಿನ ಮಜ್ಜೆಯನ್ನು ಕಡ್ಡಿಯಿಂದ ತಳ್ಳಿ ತೆಗೆಯಬೇಕು. ಒಂದೆರಡು ದಿನ ತಣ್ಣೀರಿನಲ್ಲಿ ನೆನೆಯಿಟ್ಟು ನೀರನ್ನು ಬದಲಿಸುತ್ತಿರಬೇಕು. ಅನಂತರ ಸಾಬೂನು ಬೆರೆಸಿದ ನೀರಿನಲ್ಲಿ, ಕುದಿ ಬಾರದಂತೆ ಸಣ್ಣ ಉರಿಯಲ್ಲಿ ಕೆಲವು ಗಂಟೆ ಕಾಯಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆಯುತ್ತ ಬರಬೇಕು. ಆ ಮೇಲೆ ಬೆಚ್ಚಗಿನ ಸಾಬೂನು ನೀರಿನಲ್ಲಿ ಮುಳುಗಿಸಿಟ್ಟು, ನೀರು ಕದಡಿದಾಗಲೆಲ್ಲ ಬದಲಿಸುತ್ತ, ಅದು ತಿಳಿಯಾಗಿ ನಿಲ್ಲುವವರೆಗೆ ಕಾಯಬೇಕು. ಇದಕ್ಕೆ ಕೆಲವು ವಾರಗಳೇ ಹಿಡಿಯಬಹುದು. ಜಿಡ್ಡು ಉಳಿದರೆ ಸಾಮಾನು ಮುಂದೆ ಹಳದಿಯಾಗಿ ನಾರುವುದು.

ಬಿಳುಪಿಗಾಗಿ ನೂರಕ್ಕೆ 3ರಷ್ಟಿರುವ ಹೈಡ್ರೊಜನ್ ಪೆರಾಕ್ಸೈಡ್ ದ್ರವದಲ್ಲಿ ಒಂದೆರಡು ದಿನ ಇಡಬಹುದು. ಅನಿಲವು ಹೊರಡುವುದರಿಂದ ಪಾತ್ರೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಕೂಡದು. ಬ್ಲೀಚಿಂಗ್ ಪುಡಿಯು ಅಂಟನ್ನು ತಿಂದುಬಿಡುವುದರಿಂದ ಅದು ಸರ್ವಥಾ ವರ್ಜ್ಯ. ಒಣಗಿಸುವುದು ನೆರಳಿನಲ್ಲಿ, ಬಿಸಿಲಿಗಿಟ್ಟರೆ ಸೀಳುಬಿಡುತ್ತದೆ.

ರೂಪಿಸುವುದು.— ಸಣ್ಣ ಹಲ್ಲಿನ ಗರಗಸದಿಂದ ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ಅರದಿಂದ ಉಜ್ಜಿ ಆಕಾರಕ್ಕೆ ತರಬೇಕು. ಎಲುಬಿನ ಧೂಳು ಶ್ವಾಸಕೋಶಕ್ಕೆ ಕೆಡುಕು. ಆದುದರಿಂದ ಎಲುಬನ್ನು ಒದ್ದೆಯಾಗಿಟ್ಟುಕೊಂಡೇ ಕೊಯ್ಯುವುದೂ, ಧೂಳು ತಡೆಯುವ ಮುಖವಾಡವನ್ನು ಧರಿಸುವುದೂ ಅವಶ್ಯಕ. ಬಳಿಕ ಒರಟು ಉಪ್ಪುಕಾಗದದಿಂದ ಮೊದಲುಮಾಡಿ ನಯವಾದುದಕ್ಕೆ ಬರುತ್ತ, ಕೊನೆಗೆ ಸೀಮೆಸುಣ್ಣದ ಪುಡಿಯನ್ನು ಒದ್ದೆ ಬಟ್ಟೆಗೆ ಹಚ್ಚಿ ತಿಕ್ಕಿದರೆ ದಂತದ ಹೊಳಪು ಬರುತ್ತದೆ. ಮೇಲೆ ತೆಳ್ಳಗೆ ಜೇನುಮೇಣವನ್ನು ಸವರಬಹುದು.

ಉಳಿಕೆ.— ಕೊಯ್ದ ತುದಿಗಳನ್ನೂ ಚೂರುಗಳನ್ನೂ ಎಸೆಯಬೇಕಾಗಿಲ್ಲ. ಪುಡಿಮಾಡಿದರೆ ಅದು ರಂಜಕವುಳ್ಳ ಗೊಬ್ಬರವಾಗುತ್ತದೆ. ನಿಧಾನವಾಗಿ ಕರಗುವ ಈ ಗೊಬ್ಬರವು ಮಲೆನಾಡಿನ ಹುಳಿಮಣ್ಣಿಗೆ ವಿಶೇಷವಾಗಿ ಹೊಂದುತ್ತದೆ. ತೊಳೆದ ನೀರನ್ನು ಬಾವಿಯಿಂದ ದೂರ ಚೆಲ್ಲಬೇಕು. ಹೀಗೆ ನಡೆಸಿದರೆ ತಿಪ್ಪೆ ಸೇರುವ ವಸ್ತುವಿನಿಂದ ಮನೆಗೆ ನಾಲ್ಕು ಕಾಸೂ, ಹೊಲಕ್ಕೆ ಒಂದು ಬುಟ್ಟಿ ಗೊಬ್ಬರವೂ ದೊರೆಯುವುವು.