ನೀರು ಹಾಕಿದರೆ ಕಾರು ಓಡುತ್ತದಾ? ಕಿಟ್ ಕೊಳ್ಳುವ ಮುನ್ನ ಇದನ್ನು ಓದಿ

ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣದ ಹತ್ತಿರ ಕ್ಯಾಬ್ ನಿಲ್ಲಿಸುವ ನಮ್ಮ ಪಕ್ಕದ ಮನೆಯ ಅಣ್ಣ ಮೊನ್ನೆ ಒಂದು ವಿಡಿಯೊ ತೋರಿಸಿದರು. ಬಾನೆಟ್ ಕೆಳಗೆ ಒಂದು ಡಬ್ಬಿ, ಅದರ ತುಂಬ ನೀರು, ನೀರಿನಲ್ಲಿ ಗುಳ್ಳೆ. "ಪೆಟ್ರೋಲ್ ಬೇಡ, ನೀರು ಸಾಕು. ಕಂಪನಿಗಳು ಮುಚ್ಚಿಟ್ಟ ಗುಟ್ಟು. ಎಲ್ಲರಿಗೂ ಕಳಿಸಿ" ಎಂಬ ಬರಹ. "ಈ ತಿಂಗಳ ಕಂತು ತಡವಾದರೂ ಪರವಾಗಿಲ್ಲ, ಕಿಟ್ ಹಾಕಿಸಿಬಿಡಲಾ?" ಎಂದು ಕೇಳಿದರು. ಬೇಡ ಅಂದೆ. ಯಾಕೆ ಅಂತ ಇಲ್ಲಿ ಹೇಳುತ್ತೇನೆ.

ನೀರು ಇಂಧನವೇ?

ಅಲ್ಲ. ಜಲಜನಕ ಉರಿದಾಗ ಸಿಗುವುದೇ ನೀರು. ಒಲೆಯ ಬೂದಿಯನ್ನು ಮತ್ತೆ ಒಲೆಗೆ ಹಾಕಿದರೆ ಅನ್ನ ಬೇಯುವುದಿಲ್ಲ, ಇದೂ ಹಾಗೆಯೇ.

ನೀರಿಗೆ ವಿದ್ಯುತ್ ಹಾಯಿಸಿ ಜಲಜನಕವನ್ನು ಬೇರ್ಪಡಿಸಬಹುದು, ನಿಜ. ವಿಡಿಯೊದ ಗುಳ್ಳೆ ಅದೇ. ಆದರೆ ಲೆಕ್ಕ ನೋಡಿ. 1 ಲೀಟರ್ ನೀರಿನಲ್ಲಿ ಸುಮಾರು 111 ಗ್ರಾಂ ಜಲಜನಕ ಇರುತ್ತದೆ. ಅದನ್ನು ಬೇರ್ಪಡಿಸಲು ಸುಮಾರು 4.4 ಯೂನಿಟ್ ಶಕ್ತಿ ಬೇಕು, ವಾಸ್ತವದಲ್ಲಿ ಇನ್ನೂ ಹೆಚ್ಚು. ಎಂಜಿನ್‌ನಲ್ಲಿ ಉರಿಸಿದರೆ ಸಿಗುವ ಶಾಖ ಸುಮಾರು 3.7 ಯೂನಿಟ್. ಅದರಲ್ಲಿ ಕೆಲಸಕ್ಕೆ ಬರುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು. ಕಾರಿನಲ್ಲಿ ಆ ವಿದ್ಯುತ್ ಕೊಡುವ ಆಲ್ಟರ್ನೇಟರನ್ನು ತಿರುಗಿಸುವುದೂ ಅದೇ ಎಂಜಿನ್, ಅದೇ ಪೆಟ್ರೋಲ್. ಅಂದರೆ ಪ್ರತಿ ಸುತ್ತಿನಲ್ಲೂ ನಷ್ಟ.

ಹಾಗಾದರೆ ಹೈಡ್ರೋಜನ್ ಲಾರಿ?

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಭಾರತ ಇಂಧನ ಸಪ್ತಾಹದಲ್ಲಿ ರಿಲಯನ್ಸ್ ಮತ್ತು ಅಶೋಕ್ ಲೇಲ್ಯಾಂಡ್ ಹೈಡ್ರೋಜನ್ ಎಂಜಿನ್ ಲಾರಿಯನ್ನು ತೋರಿಸಿದವು. ಅದು ಸುಳ್ಳಲ್ಲ. ಆದರೆ ಅದರ ಸಿಲಿಂಡರಿಗೆ ತುಂಬುವುದು ಬೇರೆಡೆ ತಯಾರಾದ ಜಲಜನಕ. ನೀರು ಹೊರಬರುವುದು ಹೊಗೆ ಕೊಳವೆಯಿಂದ, ಟ್ಯಾಂಕಿಗೆ ಹಾಕುವುದಲ್ಲ.

ನಿಜವಾದ ಪ್ರಯೋಗ ಹೇಗಿರುತ್ತದೆ?

ತುಮಕೂರು ಜಿಲ್ಲೆಯ ಹೊಸಹಳ್ಳಿಗೆ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು (ನಮ್ಮ ಟಾಟಾ ಇನ್‌ಸ್ಟಿಟ್ಯೂಟ್) ಸೌದೆಯಿಂದ ಅನಿಲ ತಯಾರಿಸಿ ಡೀಸೆಲ್ ಎಂಜಿನ್ ಓಡಿಸುವ ಘಟಕ ಹಾಕಿದರು. ವಿದ್ಯುತ್ ಇಲ್ಲದ ಆ ಊರಿಗೆ ದೀಪ ಬಂತು. "ಡೀಸೆಲ್ಲೇ ಬೇಡ" ಎಂದು ಅವರು ಹೇಳಲಿಲ್ಲ. ಎಷ್ಟು ಸೌದೆ, ಎಷ್ಟು ಡೀಸೆಲ್ ಎಂದು ವರ್ಷಗಟ್ಟಲೆ ಅಳೆದು ಪ್ರಕಟಿಸಿದರು.

ಹೊಸ ಎಂಜಿನ್ ಯಾವುದೇ ಇರಲಿ, ಅದನ್ನು ಡೈನಮೋಮೀಟರ್ ಎಂಬ ಯಂತ್ರಕ್ಕೆ ಜೋಡಿಸುತ್ತಾರೆ. ಒಳಗೆ ಹೋದ ಇಂಧನವೆಷ್ಟು, ಹೊರಗೆ ಬಂದ ಶಕ್ತಿ ಎಷ್ಟು, ಹೊಗೆ ಎಷ್ಟು ಎಂದು ಅಳೆಯುತ್ತಾರೆ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಇದಕ್ಕೆ ವ್ಯವಸ್ಥೆ ಇದೆ.

ಗುಟ್ಟು ಮುಚ್ಚಿಟ್ಟರೇ?

ಅಮೆರಿಕದ ಸ್ಟ್ಯಾನ್ಲಿ ಮೆಯರ್ ಇದೇ "ನೀರಿನ ಕಾರು" ಹೆಸರಲ್ಲಿ ಹಣ ಪಡೆದಿದ್ದ. ನ್ಯಾಯಾಲಯದ ಮುಂದೆ ತಜ್ಞರು ಪರೀಕ್ಷಿಸಿದಾಗ ಸಿಕ್ಕಿದ್ದು ಶಾಲೆಯ ಪ್ರಯೋಗದಂಥ ಮಾಮೂಲಿ ವಿದ್ಯುದ್ವಿಭಜನೆ. 1996ರಲ್ಲಿ ಒಹಾಯೊ ನ್ಯಾಯಾಲಯ ಅದನ್ನು ವಂಚನೆ ಎಂದು ಹೇಳಿ, ಹಣ ಹಿಂತಿರುಗಿಸಲು ಆದೇಶಿಸಿತು.

ನೀವು ಏನು ಮಾಡಬೇಕು?

ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: "ಪರೀಕ್ಷಾ ಸಂಸ್ಥೆಯ ವರದಿ ಎಲ್ಲಿ?" ಬೀದಿಯಲ್ಲಿ ತೆಗೆದ ವಿಡಿಯೊ ವರದಿಯಲ್ಲ. ಜಲಜನಕ ಮತ್ತು ಆಮ್ಲಜನಕದ ಮಿಶ್ರಣ ಸಣ್ಣ ಕಿಡಿಗೂ ಸಿಡಿಯುತ್ತದೆ. ಜೊತೆಗೆ, ಅನುಮತಿಯಿಲ್ಲದೆ ಗಾಡಿ ಮಾರ್ಪಡಿಸಿದರೆ ವಾರಂಟಿ, ವಿಮೆಗೂ ತೊಂದರೆ ಬರಬಹುದು.

ನಮ್ಮ ಅಣ್ಣ ಕಂತು ಕಟ್ಟಿದರು. ಉಳಿದ ಹಣದಲ್ಲಿ ಏರ್ ಫಿಲ್ಟರ್ ಬದಲಾಯಿಸಿ, ಟೈರಿಗೆ ಸರಿಯಾಗಿ ಗಾಳಿ ಹೊಡೆಸಿದರು. ಆ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿದ್ದರೆ, ಉತ್ತರವಾಗಿ ಇದನ್ನು ಕಳಿಸಿ.