ಅಮೆರಿಕ: ಚೆಕ್ ಬದಲು ನೇರ ಜಮೆ, ಖಾತೆ ಇಲ್ಲದವರ ಗತಿ?

ಸಾಮಾಜಿಕ ಭದ್ರತಾ ಪಿಂಚಣಿ ಸೇರಿದಂತೆ ಸರ್ಕಾರಿ ಪಾವತಿಗಳಿಗೆ ಕಾಗದದ ಚೆಕ್ ನೀಡುವ ಪದ್ಧತಿಯನ್ನು ಅಮೆರಿಕದ ಕೇಂದ್ರ ಸರ್ಕಾರವು 2025ರ ಸೆಪ್ಟೆಂಬರ್ 30ರಿಂದ ಬಹುಮಟ್ಟಿಗೆ ಕೈಬಿಟ್ಟಿದೆ.

ಇದು ದಿಢೀರ್ ನಿರ್ಧಾರವಲ್ಲ. ಪಿಂಚಣಿಯ ವಿದ್ಯುನ್ಮಾನ ಪಾವತಿ 2011ರ ಮೇ 1ರಿಂದ ಹೊಸ ಫಲಾನುಭವಿಗಳಿಗೆ, 2013ರ ಮಾರ್ಚ್ 1ರಿಂದ ಉಳಿದವರಿಗೂ ಕಡ್ಡಾಯವಾಗಿತ್ತು. ಆದರೂ ಕೆಲವರಿಗೆ ಚೆಕ್ ಹೋಗುತ್ತಲೇ ಇತ್ತು.

ಬದಲಾವಣೆಗೆ ಕಾರಣವೇನು? ಚೆಕ್ ಕಳೆದುಹೋಗುವ, ಕಳವಾಗುವ, ವಿಳಾಸ ತಲುಪದೆ ಮರಳುವ ಅಥವಾ ತಿದ್ದುಪಡಿಗೆ ಒಳಗಾಗುವ ಸಂಭವ ವಿದ್ಯುನ್ಮಾನ ಪಾವತಿಗಿಂತ 16 ಪಟ್ಟು ಹೆಚ್ಚು ಎಂಬುದು ಸರ್ಕಾರದ ಸಮರ್ಥನೆ.

ಬ್ಯಾಂಕ್ ಖಾತೆ ಇಲ್ಲದವರಿಗಾಗಿ 2008ರಲ್ಲೇ ‘ಡೈರೆಕ್ಟ್ ಎಕ್ಸ್‌ಪ್ರೆಸ್’ ಡೆಬಿಟ್ ಕಾರ್ಡ್ ಜಾರಿಗೆ ಬಂದಿತು. ಹಣ ನೇರವಾಗಿ ಅದಕ್ಕೇ ಜಮೆಯಾಗುತ್ತದೆ. ಎರಡೂ ಎಟುಕದವರಿಗೆ ವಿನಾಯಿತಿ ಉಂಟು. ಆದರೆ ಅದನ್ನು ಸಾಮಾನ್ಯವಾಗಿ ಕೋರಿಯೇ ಪಡೆಯಬೇಕು. ಕೋರುವ ಶಕ್ತಿಯೂ ಇಲ್ಲದ ಒಂಟಿ ವೃದ್ಧರಿಗೆ ಹಣ ತಪ್ಪದೆ ತಲುಪುವುದೇ ಈ ಸುಧಾರಣೆಯ ನಿಜವಾದ ಪರೀಕ್ಷೆ.