ಕಲ್ಯಾಣ ಮಂಟಪದ ಮೆರವಣಿಗೆ: ಚಿತ್ರದ ಹಿಂದೊಂದು ಫೋಟೋ

ಮೈಸೂರಿಗೆ ನೆಂಟರು ಬಂದಿಳಿದರೆ ಅರಮನೆ ತೋರಿಸದೆ ಕಳಿಸುವ ಹಾಗಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದವರು ಕಲ್ಯಾಣ ಮಂಟಪಕ್ಕೆ ಬಂದ ಕೂಡಲೇ ತಲೆ ಎತ್ತಿ ಬಣ್ಣದ ಗಾಜಿನ ಛಾವಣಿ ನೋಡುತ್ತಾರೆ, ಅದರಲ್ಲಿರೋ ನವಿಲು ನೋಡುತ್ತಾರೆ. ಕತ್ತು ನೋಯೋಕೆ ಶುರುವಾದ ಮೇಲೆ ಗೋಡೆ ಕಡೆ ಕಣ್ಣು. ಅಲ್ಲಿ ದಸರಾ ಮೆರವಣಿಗೆ ಹೊರಟಿರುತ್ತೆ. ಆನೆ, ಕುದುರೆ, ಸಿಪಾಯಿಗಳು, ಇಕ್ಕೆಲದಲ್ಲಿ ಜನ.

"ಆಹಾ, ಎಂಥಾ ಕಲ್ಪನೆ!" ಅನ್ನುವವರಿದ್ದಾರೆ. ಕಲ್ಪನೆ ಅಲ್ಲ ಸ್ವಾಮಿ. ಆ ಮೆರವಣಿಗೆ ನಿಜವಾಗಿ ನಡೆದದ್ದು. ಯಾರೋ ಪುಣ್ಯಾತ್ಮರು ಕ್ಯಾಮೆರಾ ಹಿಡಿದು ನಿಂತು ತೆಗೆದ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆದ ಚಿತ್ರಗಳವು. ಒಟ್ಟು 26. ಬರೆದದ್ದು 1934ರಿಂದ 1945ರವರೆಗೆ, ಹನ್ನೊಂದು ವರ್ಷ. ಕೆ. ಕೇಶವಯ್ಯ, ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು, ಎಸ್.ಎನ್. ಸ್ವಾಮಿ ಮೊದಲಾದ ಕಲಾವಿದರ ಕೈಕೆಲಸ.

ಫೋಟೋ ಕಪ್ಪು ಬಿಳುಪು. ಅದರಲ್ಲಿ ಸಿಪಾಯಿಯ ಪೇಟ ಕೆಂಪೋ ಹಸಿರೋ ತಿಳಿಯೋದಿಲ್ಲ. ಆನೆಯ ಮೇಲಿನ ಜೂಲಿನ ಬಣ್ಣ ತಿಳಿಯೋದಿಲ್ಲ. ಬಣ್ಣಕ್ಕೆ ಕಲಾವಿದರು ಕಣ್ಣಾರೆ ಕಂಡದ್ದನ್ನೇ ನಂಬಬೇಕು. ವರ್ಷಕ್ಕೊಮ್ಮೆ ಸಯ್ಯಾಜಿರಾವ್ ರಸ್ತೆಯಲ್ಲಿ ಅದೇ ಮೆರವಣಿಗೆ ಬನ್ನಿಮಂಟಪಕ್ಕೆ ಹೋಗುತ್ತಿತ್ತಲ್ಲ, ಆ ಅನುಕೂಲ ಅವರಿಗಿತ್ತು. ಆದರೆ ಯಾರು ಎಲ್ಲಿ ನಿಂತಿದ್ದರು, ಯಾರ ಮುಖ ಯಾವ ಕಡೆಗಿತ್ತು ಅನ್ನೋದಕ್ಕೆ ಫೋಟೋನೇ ಆಧಾರ.

ಅಂಬಾರಿಯ ಮೂವರು

ಚಿನ್ನದ ಅಂಬಾರಿಯ ಚಿತ್ರದ ಮುಂದೆ ಗುಂಪು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೆ. ಒಳಗೆ ಕೂತವರು ಮೂವರು. ನಾಲ್ವಡಿ ಕೃಷ್ಣರಾಜ ಒಡೆಯರು, ಅವರ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ಯುವರಾಜರ ಮಗ ಜಯಚಾಮರಾಜ ಒಡೆಯರು.

ಚಿತ್ರದ ಕೆಲಸ ಇನ್ನೂ ನಡೀತಾ ಇದ್ದಾಗಲೇ 1940ರ ಮಾರ್ಚ್ 11ರಂದು ಯುವರಾಜರು ಬೊಂಬಾಯಿಯಲ್ಲಿ ತೀರಿಕೊಂಡರು. ಐದು ತಿಂಗಳೂ ತುಂಬಲಿಲ್ಲ, ಆಗಸ್ಟ್ 3ಕ್ಕೆ ಮಹಾರಾಜರೂ ಹೋದರು. ಅಂಬಾರಿಯ ಮೂವರಲ್ಲಿ ಉಳಿದವರು 21 ವರ್ಷದ ಜಯಚಾಮರಾಜರು ಒಬ್ಬರೇ. ಅವರೇ ದೊರೆ. ಗೋಡೆ ಪೂರ್ತಿಯಾಗೋಕೆ ಇನ್ನೂ ಐದು ವರ್ಷ ಬೇಕಿತ್ತು. ಅಷ್ಟು ಕಾಲವೂ ಅಣ್ಣ ತಮ್ಮಂದಿರ ಮುಖ ನೋಡಬೇಕೆಂದರೆ ಫೋಟೋ ತೆಗೆದೇ ನೋಡಬೇಕು.

ಚಿತ್ರ ಬರೆದವರ ಹೆಸರು ಉಳಿದಿದೆ, ಸಂತೋಷ. ಆ ಫೋಟೋಗಳನ್ನು ತೆಗೆದವರು ಯಾರು ಅಂತ ಕೇಳಿದವರು ಎಷ್ಟು ಜನ? ಆನೆಯ ಪಕ್ಕ ನಡೀತಾ ಇರೋ ಮಾವುತ, ಬ್ಯಾಂಡಿನವನು, ಕುದುರೆ ಸವಾರ, ಇವರ ಹೆಸರು? ಫೋಟೋ ನೋಡಿ ಬರೆದ ಮೇಲೆ ಅವೂ ಯಾವುದೋ ಮನೆಯ ತಾತ ಮುತ್ತಾತಂದಿರ ಮುಖಗಳೇ ತಾನೆ? ಮಂಡಿ ಮೊಹಲ್ಲಾದಲ್ಲೋ, ನಜರಬಾದಿನಲ್ಲೋ ಆ ಮನೆತನದವರು ಇವತ್ತೂ ಅಂಗಡಿ ಬಾಗಿಲು ತೆಗೀತಾ ಇರಬಹುದು, ಯಾರಿಗೆ ಗೊತ್ತು.

ಹೆಸರು ಮರೆತರೆ ಆಗೋ ಅನಾಹುತಕ್ಕೆ ಉದಾಹರಣೆ ದೂರ ಹುಡುಕಬೇಕಾಗಿಲ್ಲ, ಜಗನ್ಮೋಹನ ಅರಮನೆಯಲ್ಲೇ ಇದೆ. ದೀಪ ಹಿಡಿದ ಹೆಂಗಸಿನ ಚಿತ್ರ ಯಾರದು ಅಂತ ಕೇಳಿದರೆ ಹತ್ತರಲ್ಲಿ ಎಂಟು ಮಂದಿ ರವಿವರ್ಮನದು ಅಂತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು. ಬರೆದವರು ಎಸ್.ಎಲ್. ಹಲ್ದನ್‌ಕರ್. ದೀಪ ಹಿಡಿದು ನಿಂತದ್ದು ಅವರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಅಷ್ಟು ವರ್ಷ ಆಕೆ ಇದ್ದರೂ ಇಲ್ಲಿ ಜನರ ಬಾಯಲ್ಲಿ ರವಿವರ್ಮನೇ!

74 ವರ್ಷದ ತಪ್ಪು

ನಮ್ಮೂರಿನವರು ಮಾತ್ರ ಹೀಗೆ ಅಂದುಕೊಳ್ಳಬೇಡಿ. ಕಲ್ಯಾಣ ಮಂಟಪದ ಚಿತ್ರಗಳು ಮುಗಿದ 1945ರಲ್ಲೇ, ಫೆಬ್ರವರಿ 23ರಂದು, ಜಪಾನಿನ ಐವೋ ಜಿಮಾ ದ್ವೀಪದಲ್ಲಿ ಅಮೆರಿಕದ ಆರು ಸಿಪಾಯಿಗಳು ಬಾವುಟ ನೆಟ್ಟರು. ಜೋ ರೋಸೆಂತಾಲ್ ಅದರ ಫೋಟೋ ತೆಗೆದ. ಲೋಕದಲ್ಲೇ ಹೆಸರುವಾಸಿಯಾದ ಯುದ್ಧದ ಫೋಟೋ ಅದು. ತೆಗೆದವನ ಹೆಸರು ಎಲ್ಲರಿಗೂ ಗೊತ್ತು, ಫೋಟೋದಲ್ಲಿ ಇದ್ದವರ ಹೆಸರು ಮಾತ್ರ ತಪ್ಪು. 1947ರಲ್ಲಿ ಒಂದು ಹೆಸರು ತಿದ್ದಿದರು. 2016ರಲ್ಲಿ ಮತ್ತೊಂದು, 2019ರಲ್ಲಿ ಇನ್ನೊಂದು. ಅದೇ ದಿನ ತೆಗೆದ ಬೇರೆ ಫೋಟೋಗಳನ್ನು ಪಕ್ಕದಲ್ಲಿಟ್ಟು, ಟೋಪಿ, ಸೊಂಟದ ಪಟ್ಟಿ ಹೋಲಿಸಿ ನೋಡಿದ ಮೇಲೆ ತಪ್ಪು ಹೊರಬಿತ್ತು. ಅಷ್ಟೊತ್ತಿಗೆ ಆ ಆರು ಜನರಲ್ಲಿ ಒಬ್ಬರೂ ಇರಲಿಲ್ಲ.

ಈ ವಿಷಯದಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ ಜಾಣರು. 1923ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ದೇಶ ಸುತ್ತಿದವರು. 1977ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡದಲ್ಲೇ ನಡೆಯಿತು. ಫೋಟೋ ತೆಗೆದು ಸುಮ್ಮನಾಗಲಿಲ್ಲ, 'ಅಲೈವ್ ಅಂಡ್ ಕ್ಲಿಕ್ಕಿಂಗ್' ಅಂತ ತಮ್ಮ ನೆನಪುಗಳನ್ನೂ ಬರೆದಿಟ್ಟು, 2009ರ ಡಿಸೆಂಬರಿನಲ್ಲಿ ಇದೇ ಊರಿನಲ್ಲಿ ಕಣ್ಣು ಮುಚ್ಚಿದರು.

ಎಲ್ಲರೂ ಸತ್ಯನ್ ಆಗೋಕಾಗಲ್ಲ, ನಿಜ. ಗಲ್ಲಾಪೆಟ್ಟಿಗೆ ಮೇಲೆ ಹಾರ ಹಾಕಿದ ತಾತನ ಫೋಟೋ ಎಷ್ಟು ಅಂಗಡಿಗಳಲ್ಲಿಲ್ಲ? ತಾತನ ಪಕ್ಕ ಕುರ್ಚಿಯಲ್ಲಿ ಕೂತವರು ಯಾರು ಅಂತ ಗಿರಾಕಿ ಕೇಳಿದರೆ "ಯಾರೋ ಸ್ನೇಹಿತರಿರಬೇಕು" ಅನ್ನೋ ಉತ್ತರವೇ ಜಾಸ್ತಿ.

ಇನ್ನು ಆ ಅಂಬಾರಿ. 1971ರಲ್ಲಿ ರಾಜಧನ ರದ್ದಾಯಿತು. ಈಗ ವಿಜಯದಶಮಿ ದಿನ ಅದರಲ್ಲಿ ಕೂರೋದು ತಾಯಿ ಚಾಮುಂಡೇಶ್ವರಿ. ಚಿತ್ರದ ಮೂವರಲ್ಲಿ ಕೊನೆಯವರಾದ ಜಯಚಾಮರಾಜರು 1974ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ಆ ಮೆರವಣಿಗೆಯಲ್ಲಿ ನಡೆದ ಮಾವುತರ, ಸವಾರರ ಮಕ್ಕಳಿಗೂ ಈಗ ತೊಂಬತ್ತರ ಹತ್ತಿರ ಹತ್ತಿರ. "ಅಗೋ, ಅವರೇ ನಮ್ಮಪ್ಪ" ಅಂತ ಗೋಡೆ ಕಡೆ ಕೈ ತೋರಿಸಬಲ್ಲವರು ಯಾರಾದರೂ ಇದ್ದರೆ, ಅವರನ್ನೊಮ್ಮೆ ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋಗೋಕೆ ಮುಂದಿನ ದಸರಾವರೆಗೆ ಕಾಯೋದು ಬೇಡ. ಅರಮನೆ ಬೆಳಿಗ್ಗೆ 10ಕ್ಕೆ ತೆರೆಯುತ್ತೆ.